ಪಡುವಣ ಗೋಡೆಯ ಕಿಟಕಿ

ಹಿಟ್ಟಿನ ಅಂಟು ಬೆರಳಿಗೆಲ್ಲ ಮೆತ್ತಿಕೊಂಡಿತ್ತು. ಟೈಲರಮ್ಮ ಸ್ಟೂಲಿನ ಮೇಲೆ ನಿಂತು ಹಳೇ ಪೇಪರಿನ ಹಾಳೆಯನ್ನು ಹಿಂದಿನ ಕೋಣೆಯ ಗಾಜಿಗೆ ಒತ್ತಿ ಒತ್ತಿ ಅಂಟಿಸುತ್ತಿದ್ದಳು. ಒಂದು ಮೂಲೆ ಅಂಟಿಸುವಷ್ಟರಲ್ಲಿ ಇನ್ನೊಂದು ಮೂಲೆ ಒಣಗಿ ಸುರುಳಿ ಸುತ್ತಿಕೊಳ್ಳುತ್ತಿತ್ತು. ಗಾಜು ಅಷ್ಟು ಕಾದಿತ್ತು. ಅಂಗೈ ಇಟ್ಟರೆ ಇಸ್ತ್ರಿಪೆಟ್ಟಿಗೆ ಮುಟ್ಟಿದ ಹಾಗೆ.

ಆ ಕಿಟಕಿ ಸಣ್ಣದಲ್ಲ. ಪಡುವಣ ಗೋಡೆಯ ಈ ಕೊನೆಯಿಂದ ಆ ಕೊನೆಯವರೆಗೂ ಗಾಜೇ ಗಾಜು. ನಡುವಿನದು ತೆರೆಯುವುದೇ ಇಲ್ಲ, ಬರೀ ನೋಡುವುದಕ್ಕೆ. ಪಕ್ಕದ ಒಂದು ಕಿರಿದಾದ ಪಟ್ಟಿ ಮಾತ್ರ ಸರಿಯುತ್ತದೆ, ಅದೂ ಅದಕ್ಕೆ ಮನಸ್ಸು ಬಂದಾಗ. ಮಧ್ಯಾಹ್ನದ ಮೇಲೆ ಬಿಸಿಲು ಅಲ್ಲಿಂದ ಒಳಗೆ ಬಂದು ಮಂಚದ ಮೇಲೆ ಕಾಲು ಚಾಚಿ ಮಲಗಿತೆಂದರೆ ಹೊತ್ತು ಮುಳುಗಿದ ಮೇಲೂ ಅದರ ಕಾವು ಏಳುವುದಿಲ್ಲ. ಮಳೆಗಾಲದಲ್ಲಿ ಬೇರೆ ಗೋಳು. ಚೌಕಟ್ಟಿನ ಸಂದಿಯಿಂದ ನೀರು ಜಿನುಗಿ, ಗೋಡೆಯ ಬುಡಕ್ಕೆ ಬೂಷ್ಟು ಹಿಡಿದು, ಕೋಣೆಗೆಲ್ಲ ಒದ್ದೆ ಗೋಣಿಯ ವಾಸನೆ.

ಆ ಮಂಚ ಅಕ್ಕನದು. ಅಕ್ಕ ಅದರ ಮೇಲೆ ಮಲಗಿದ್ದು ಒಂದೇ ವಾರ.

ಅಮ್ಮ ತೀರಿಕೊಂಡಾಗ ಟೈಲರಮ್ಮನಿಗೆ ಹಾಲುಹಲ್ಲು ಕೂಡ ಬಿದ್ದಿರಲಿಲ್ಲ. ಸಾಕಿದ್ದು ಅಕ್ಕ. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡಿಗೆ ಮಾಡಿ, ತಂಗಿಗೆ ನಾಲ್ಕಕ್ಷರ ಕಲಿಸಿ, ಹೊಲಿಗೆ ಕಲಿಸಿ, ಮದುವೆ ಮಾಡಿ ಕಳಿಸಿದಳು. ತಾನು ಮಾತ್ರ ಹಾಸ್ಟೆಲಿನ ಹಿಂಬದಿಯ ಕೋಣೆಯಲ್ಲೇ ಉಳಿದಳು. ವರ್ಷಗಟ್ಟಲೆ ಒಲೆಯ ಹೊಗೆ ಕುಡಿದ ಎದೆ ಈಗ ಗೂರಲು ಹಿಡಿದಿದೆ. ಕಿವಿಯೂ ಮಂದ. ಫೋನು ಮಾಡಿದರೆ "ಆಂ? ಆಂ?" ಅನ್ನುವುದರಲ್ಲೇ ಮಾತು ಮುಗಿಯುತ್ತದೆ. ಹಾಗಾಗಿ ಅಕ್ಕ ತಂಗಿಯರ ಸುಖದುಃಖವೆಲ್ಲ ಈಗಲೂ ಕಾಗದದಲ್ಲೇ.

ಹೋದ ಬೇಸಿಗೆಯಲ್ಲಿ ಅಕ್ಕ ಟ್ರಂಕು ಸಮೇತ ಬಂದಿದ್ದಳು, ಇನ್ನು ಇಲ್ಲೇ ಇರುತ್ತೇನೆ ಅಂತ. ಟೈಲರಮ್ಮ ನೆಲದ ಮೇಲೆ ನಡೆದಾಡಿದ್ದೇ ಇಲ್ಲ ಅನ್ನಬೇಕು, ಅಷ್ಟು ಸಂಭ್ರಮ. ಆದರೆ ಆ ಕೋಣೆ ಅಕ್ಕನನ್ನು ಇಟ್ಟುಕೊಳ್ಳಲಿಲ್ಲ. ಮೊದಲ ಸಂಜೆಯೇ ಎದೆ ಸುಯ್ಯೆಂದಿತು. ಮೂರನೇ ದಿನ ಮಂಚ ಬಿಟ್ಟು ಬಾಗಿಲ ಹೊಸ್ತಿಲ ಮೇಲೆ ಕೂತು ಉಸಿರಿಗೆ ಒದ್ದಾಡಿದಳು. ವಾರ ತುಂಬುವುದರೊಳಗೆ ಆಸ್ಪತ್ರೆ. ಅಲ್ಲಿಂದ ನೇರವಾಗಿ ಬಸ್ ನಿಲ್ದಾಣ.

"ನಿನ್ನ ಮನೆಗೇನಾಗಿದೆ ಗುಬ್ಬಿ, ಚೆನ್ನಾಗೇ ಇದೆ. ನನ್ನ ಉಸಿರೇ ಸ್ವಲ್ಪ ಜಿಪುಣ," ಅಂದು ಬಸ್ಸು ಹತ್ತಿದಳು. ತಂಗಿಯನ್ನು ಗುಬ್ಬಿ ಅಂತ ಕರೆಯುವವರು ಲೋಕದಲ್ಲಿ ಅವಳೊಬ್ಬಳೇ. ಬಸ್ಸು ಹೋದ ಮೇಲೆ ಆ ಹೆಸರೂ ಅದರ ಜೊತೆಗೇ ಹೋಯಿತು.

ಈಗ ಅಕ್ಕನ ಕಾಗದ ಬಂದಿದೆ. ಹಾಸ್ಟೆಲಿನ ಹಳೇ ಕಟ್ಟಡವನ್ನು ಮಳೆ ಕಳೆದ ಮೇಲೆ ಒಡೆಯುತ್ತಾರಂತೆ. ಜೊತೆಗೆ ಅಡಿಗೆ ಮಾಡುತ್ತಿದ್ದ ಗೆಳತಿ ತನ್ನ ಊರಿಗೆ ಕರೆಯುತ್ತಿದ್ದಾಳಂತೆ. ಆ ಊರು ರೈಲಿನಲ್ಲಿ ಹೋಗಿ, ಇಳಿದು, ಮತ್ತೆ ರೈಲು ಹತ್ತಬೇಕಾದಷ್ಟು ದೂರ. 'ಹೋಗಲೇ ಅಂತ ಯೋಚಿಸುತ್ತಿದ್ದೇನೆ. ನಿನ್ನದೇನಾದರೂ ಮಾತಿದ್ದರೆ ಬರೆ,' ಅಷ್ಟೇ ಇತ್ತು. ಅಷ್ಟು ದೂರ ಹೋದರೆ ಈ ವಯಸ್ಸಿನಲ್ಲಿ, ಆ ಎದೆ ಕಟ್ಟಿಕೊಂಡು, ಮತ್ತೆ ಬರುವುದುಂಟೇ?

ಟೈಲರಮ್ಮ ಉತ್ತರ ಬರೆಯಲು ಅಂದೇ ಕೂತಳು. ಕ್ಷೇಮ ಸಮಾಚಾರ ಸರಸರ ಬಂತು. 'ಬಾ ಅಕ್ಕ' ಅನ್ನುವಲ್ಲಿಗೆ ಪೆನ್ನು ನಿಂತಿತು. ಎಲ್ಲಿಗೆ ಬಾ ಅನ್ನುವುದು? ಈ ಕುಲುಮೆಗೋ? ಬರಬೇಡ ಅಂತ ಬರೆಯಲು ಕೈ ಏಳಲಿಲ್ಲ. ಅರ್ಧ ಬರೆದ ಕಾಗದ ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ, ಗುಂಡಿಗಳ ಡಬ್ಬಿಯ ಕೆಳಗೆ ಉಳಿಯಿತು. ಪ್ರತಿ ದಿನ ಗುಂಡಿ ಹುಡುಕುವಾಗ ಅದು ಕಣ್ಣಿಗೆ ಬೀಳುತ್ತಿತ್ತು. ಪ್ರತಿ ದಿನ ಅವಳು ಡ್ರಾಯರು ಮುಚ್ಚುತ್ತಿದ್ದಳು.

ಕಿಟಕಿ ಹೀಗೆ ಇಟ್ಟದ್ದು ಗಂಡ. ಅವನು ಬಸ್ ಡ್ರೈವರು. ಹರೆಯದಲ್ಲಿ ಬೆಟ್ಟದ ಮೇಲಿನ ಚಳಿಯ ಊರೊಂದಕ್ಕೆ ಬಸ್ಸು ಓಡಿಸುತ್ತಿದ್ದ. ಅಲ್ಲಿ ಡ್ರೈವರುಗಳು ತಂಗುವ ಕೋಣೆಗೆ ಗೋಡೆಯಗಲದ ಗಾಜಿನ ಕಿಟಕಿ. ಸ್ಟೇರಿಂಗ್ ಹಿಡಿದು ಮರಗಟ್ಟಿದ ಕೈಗಳನ್ನು ಆ ಗಾಜಿನ ಹಿಂದಿನ ಬಿಸಿಲಿಗೆ ಒಡ್ಡಿ ಕೂರುವುದೇ ಸ್ವರ್ಗ. ಅಲ್ಲಿಯ ಜನ ಬಿಸಿಲನ್ನು ನೆಂಟರನ್ನು ಕರೆದ ಹಾಗೆ ಒಳಗೆ ಕರೆಯುತ್ತಿದ್ದರು. ಮನೆ ಕಟ್ಟಿದರೆ ಇಂಥದೇ ಕಿಟಕಿ ಅಂತ ಅವತ್ತೇ ಅಂದುಕೊಂಡಿದ್ದನಂತೆ. ಕಟ್ಟಿದಾಗ ಇಟ್ಟೇಬಿಟ್ಟ. ಆದರೆ ಇಲ್ಲಿ ಬಿಸಿಲು ಕರೆಯದೆ ಬರುವ ನೆಂಟ, ಬಂದರೆ ಹೋಗುವವನಲ್ಲ.

ಹಿಂದಿನ ವಾರದ ಬಿರುಗಾಳಿಗೆ ನಡುವಿನ ಗಾಜು ಮೂಲೆಯಿಂದ ಮೂಲೆಗೆ ಬಿರುಕು ಬಿಟ್ಟಿತ್ತು. ಚೌಕಟ್ಟೂ ಸಡಿಲಾಗಿತ್ತು. ಹೇಗೂ ಬದಲಾಯಿಸಬೇಕು. ಗಂಡ ಗಾಜಿನಂಗಡಿಗೆ ಹೋಗಿ ಬಂದಿದ್ದ. ಈ ಸಲ ಕಪ್ಪು ಗಾಜು ಹಾಕಿಸೋಣ, ಬಿಸಿಲು ಹತ್ತಿರ ಸುಳಿಯೋದಿಲ್ಲ ಅಂತ ಅಂಗಡಿಯವನು ಹೇಳಿದ್ದಾನೆ ಅಂದ. ಅಳತೆ ಅದೇ, ಗಾಜು ಮಾತ್ರ ಕಪ್ಪು. ನಾಳೆ ನಾಡಿದ್ದರಲ್ಲಿ ಒಪ್ಪಿಗೆ ಹೇಳುವವನಿದ್ದ.

ಟೈಲರಮ್ಮ ಅಂಟು ಕೈ ತೊಳೆದುಕೊಳ್ಳುತ್ತಿರುವಾಗ ಪ್ಲಾನ್ ಮೇಡಂ ಬಂದರು. ಮೂರು ಮನೆ ಆಚೆ ಇರುವವರು. ಜನರಿಗೆ ಮನೆಯ ನಕ್ಷೆ ಬರೆದುಕೊಡುವ ಕೆಲಸ, ಹಾಗಾಗಿ ಬೀದಿಗೆಲ್ಲ ಆ ಹೆಸರು. ಕುಪ್ಪಸದ ತೋಳು ಬಿಗಿ ಅಂತ ಬಿಚ್ಚಿಸಲು ತಂದಿದ್ದರು. ತೋಳು ಬಿಗಿಯಾಗಿದೆಯೋ ತೋಳೇ ದಪ್ಪಗಾಗಿದೆಯೋ ಅಂತ ಟೈಲರಮ್ಮ ಕೇಳಿದಳು. ನಿಮ್ಮ ಟೇಪು ಕುಗ್ಗಿರಬೇಕು ನೋಡಿ ಅಂದರು ಅವರು. ಇಬ್ಬರೂ ನಕ್ಕರು. ಆಮೇಲೆ ಒಳಗಿನ ಕೋಣೆಯ ಪೇಪರು ಮೆತ್ತಿದ ಗಾಜು ಅವರ ಕಣ್ಣಿಗೆ ಬಿತ್ತು.

ಕೇಳಿದ್ದಕ್ಕೆ ಟೈಲರಮ್ಮ ಎಲ್ಲವನ್ನೂ ಹೇಳಿದಳು. ಅಕ್ಕನ ಎದೆ, ಒಡೆಯುವ ಕಟ್ಟಡ, ನಿಂತುಹೋದ ಕಾಗದ. ಹೇಳುವಾಗ ಗಂಡ ಬಾಗಿಲಲ್ಲಿ ಬಂದು ನಿಂತದ್ದನ್ನು ನೋಡಲಿಲ್ಲ. ಕಾಗದದ ವಿಷಯ ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮೇಡಂ ಗಾಜಿಗೆ ಕೈ ಇಟ್ಟು ತೆಗೆದರು. "ಅಣ್ಣಾ, ನಿಮ್ಮ ಕಿಟಕಿ ಒಳ್ಳೇದೇ. ಊರು ತಪ್ಪಿ ಬಂದಿದೆ, ಅಷ್ಟೇ."

ಗಂಡನಿಗೆ ಅದು ಹಿಡಿಸಲಿಲ್ಲ. ಅದಕ್ಕೇ ಕಪ್ಪು ಗಾಜು ಹಾಕಿಸ್ತಾ ಇದ್ದೀನಲ್ಲ ಅಂದ.

"ಒಂದು ಮಾತು ಕೇಳ್ತೀನಿ. ಡಿಪೋದಲ್ಲಿ ಬಸ್ಸನ್ನ ಎಲ್ಲಿ ನಿಲ್ಲಿಸ್ತೀರಿ?"

"ನೆರಳಲ್ಲಿ. ಅದನ್ನೂ ಕೇಳಬೇಕಾ?"

"ಬಿಸಿಲಲ್ಲೇ ನಿಲ್ಲಿಸಿ, ಒಳಗಡೆ ಪರದೆ ಎಳೆದರೆ ಆಗಲ್ವಾ?"

"ಕೂತು ನೋಡಿ ಗೊತ್ತಾಗುತ್ತೆ. ಪರದೆ ಎಳೆದರೂ ಸೀಟು ಸುಡುತ್ತೆ."

"ಮತ್ತೆ ಮನೆಗೂ ಅದೇ ಅಲ್ವಾ. ಗಾಜು ದಾಟಿ ಒಳಗೆ ಬಂದ ಬಿಸಿಲನ್ನ ಪರದೆ ಹಿಡ್ಕೊಂಡು ಏನು ಮಾಡುತ್ತೆ? ಕಾವು ಆಗಲೇ ಮನೆಯೊಳಗೆ ಬಂದಾಯ್ತು. ಕಪ್ಪು ಗಾಜಿನದೂ ಅದೇ ಹಣೆಬರಹ. ಒಂದಷ್ಟು ತಡೆಯುತ್ತೆ, ಇಲ್ಲ ಅನ್ನಲ್ಲ. ಆದರೆ ಒಂದಷ್ಟು ಕಾವನ್ನ ತಾನೇ ಕುಡಿದು ಕೂತಿರುತ್ತೆ, ಆಮೇಲೆ ಒಳಕ್ಕೆ ಉಗುಳುತ್ತೆ. ಬಿಸಿಲನ್ನ ತಡೆಯೋದಾದರೆ ಗಾಜಿನ ಹೊರಗಡೆಯೇ ತಡೀಬೇಕು."

ಹಾಗಾದರೆ ಮೇಲೊಂದು ಸಜ್ಜ ಹಾಕಿಸಿದರೆ ಆಯಿತಲ್ಲ ಅಂದ ಗಂಡ. ಮಳೆಗೆ ಸಜ್ಜ ಬೇಕೇ ಬೇಕು, ಆದರೆ ಪಡುವಣ ಬಿಸಿಲಿಗೆ ಅದೊಂದೇ ಸಾಲದು ಅಂದರು ಮೇಡಂ. ನೆತ್ತಿಯ ಮೇಲಿನ ಬಿಸಿಲನ್ನು ಸಜ್ಜ ತಡೆಯುತ್ತದೆ. ಇಳಿಹೊತ್ತಿನ ಬಿಸಿಲು ಅಡ್ಡಡ್ಡ ಬರುತ್ತದೆ, ಸಜ್ಜದ ಕೆಳಗೆ ಬಗ್ಗಿ ನುಗ್ಗುತ್ತದೆ. ಅದಕ್ಕೆ ಕಿಟಕಿಯ ಮುಂದೆಯೇ ಮರೆ ಬೇಕು.

ಇಷ್ಟೆಲ್ಲ ಕೇಳಿದರೂ ಅವನ ಮುಖ ಸಡಿಲಾಗಲಿಲ್ಲ. ನಕ್ಷೆ ಬರೆಯುವವರಿಗೇನು, ಪೆನ್ಸಿಲಿನಲ್ಲಿ ಗೋಡೆ ಒಡೆಯೋದು ಸುಲಭ ಅಂತ ಗೊಣಗಿದ. ಮೇಡಂ ಬೇಜಾರು ಮಾಡಿಕೊಳ್ಳಲಿಲ್ಲ. ನನ್ನ ಮಾತು ನಂಬಬೇಡಿ, ಒಂದು ಬಿದಿರು ಚಾಪೆ ತಂದು ಗಾಜಿನ ಹೊರಗೆ, ಒಂದು ಗೇಣು ದೂರಕ್ಕೆ ಕಟ್ಟಿ ನೋಡಿ, ಆಮೇಲೆ ಅಂಗಡಿಗೆ ಹೋಗಿ ಅಂದರು. ಎದ್ದು ಹೊರಡುವಾಗ ಎದುರಿನ ಮೂಡಣ ಗೋಡೆ ನೋಡಿ, ಆ ಕಡೆ ಕಿಟಕಿಯೇ ಇಲ್ಲವೇ ಅಂತ ಕೇಳಿದರು. ಗಂಡ ಹೆಂಡತಿ ಇಬ್ಬರೂ ಬೀರುವನ್ನು ನೋಡಿದರು. ಇತ್ತು. ಸಣ್ಣದೊಂದು ಕಿಟಕಿ ಇತ್ತು. ಬೀರು ಇಡಲು ಬೇರೆ ಜಾಗ ತೋಚದೆ ಅದರ ಮುಂದೆಯೇ ನಿಲ್ಲಿಸಿದ್ದರು.

"ಒಂದೇ ಕಿಟಕಿ ತೆಗೆದರೆ ಬಸ್ಸೊಳಗೆ ಗಾಳಿ ಆಡುತ್ತಾ ಅಣ್ಣಾ?" ಅಂದರು ಮೇಡಂ ಚಪ್ಪಲಿ ಮೆಟ್ಟಿಕೊಳ್ಳುತ್ತಾ. "ಬರೋದಕ್ಕೆ ಒಂದು ದಾರಿ, ಹೋಗೋದಕ್ಕೆ ಒಂದು ದಾರಿ. ನಿಮ್ಮ ಮನೇಲಿ ಹೋಗೋ ಗಾಳೀನ ಬೀರು ಅಡ್ಡ ಹಾಕ್ಕೊಂಡು ಕೂತಿದೆ."

ಮರುದಿನ ರಜೆ. ಗಂಡ ಬೆಳಿಗ್ಗೆಯೇ ಹೊರಗೆ ಹೋದ. ವಾಪಸು ಬಂದಾಗ ಹೆಗಲ ಮೇಲೆ ಚಾಪೆ ಇತ್ತು. ಸುಳ್ಳು ಅಂತ ತೋರಿಸೋಕೆ ತಂದಿದ್ದು ಅಂದ. ಹೊರಗೆ ಕಟ್ಟಿದರು. ಬೀರುವನ್ನು ಇಬ್ಬರೂ ಸೇರಿ ಪಕ್ಕಕ್ಕೆ ತಳ್ಳಿದರು. ಅದರ ಹಿಂದಿನಿಂದ ಒಂದು ಬಾಚಣಿಗೆ, ಮೂರು ಬಾಬಿನ್ನು, ಜೇಡರ ದೊಡ್ಡ ಸಂಸಾರ ಹೊರಬಂತು. ಕಿಟಕಿಯ ಚಿಲಕ ತುಕ್ಕು ಹಿಡಿದಿತ್ತು. ಮಿಷನ್ನಿನ ಎಣ್ಣೆ ಬಿಟ್ಟು ಅಲ್ಲಾಡಿಸಿ ಅಲ್ಲಾಡಿಸಿ ತೆಗೆದರು.

ಇಳಿಹೊತ್ತಿಗೆ ಗಂಡ ಅಕ್ಕನ ಮಂಚದ ಮೇಲೆ ಹೋಗಿ ಮಲಗಿದ. ಪರೀಕ್ಷೆ ಮಾಡುತ್ತೇನೆ ಅಂದವನು ಪರೀಕ್ಷೆಯಲ್ಲೇ ನಿದ್ದೆ ಹೋದ. ಟೈಲರಮ್ಮ ಬಂದು ನೋಡಿದಳು. ಆ ಹೊತ್ತಿನಲ್ಲಿ ಆ ಮಂಚದ ಮೇಲೆ ಯಾರಾದರೂ ಬೆವರದೆ ಮಲಗಿದ್ದನ್ನು ಅವಳು ಕಂಡಿರಲಿಲ್ಲ. ಗಾಜು ಮುಟ್ಟಿದಳು. ಬೆಚ್ಚಗಿತ್ತು, ಸುಡುತ್ತಿರಲಿಲ್ಲ. ಮಲಗಿರುವುದು ಗಂಡ ಅಂತ ಗೊತ್ತಿದ್ದರೂ, ದಿಂಬು ಸರಿಪಡಿಸುವಾಗ ಮನಸ್ಸು ಬೇರೆ ಯಾರದೋ ಉಸಿರನ್ನು ಎಣಿಸುತ್ತಿತ್ತು.

ಎಚ್ಚರಾದ ಮೇಲೆ ಗಂಡ ಎದ್ದು ಕೂತು ಕಿಟಕಿಯ ಕಡೆ ನೋಡಿದ. ಆಮೇಲೆ ಹೇಳಿದ: "ಅಲ್ಲಿ ಆ ಗಾಜಿನ ಮುಂದೆ ಕೂತರೆ ಯಾರೋ ಕೈ ಹಿಡ್ಕೊಂಡ ಹಾಗಾಗೋದು ಕಣೇ. ಅದನ್ನ ಇಲ್ಲಿಗೆ ತರಬೇಕು ಅಂತಿತ್ತು. ಗಾಜು ತಂದೆ. ಆ ಊರಿನ ಚಳಿ ತರೋಕಾಗುತ್ತಾ?"

ಅವಳು ಚಹಾ ತಂದು ಪಕ್ಕದಲ್ಲಿಟ್ಟು ತಾನೂ ಕೂತಳು.

ಗಾಜಿನಂಗಡಿಗೆ ಬೇಡ ಅಂತ ಹೇಳಿಕಳಿಸಿದ್ದಾಯಿತು. ಮೇಡಂ ಮತ್ತೆ ಬಂದು ಕೂತು ಲೆಕ್ಕ ಹಾಕಿದರು. ಗೋಡೆಯಗಲದ ಗಾಜು ತೆಗೆದು ಅರ್ಧಕ್ಕೆ ಇಟ್ಟಿಗೆ ಕಟ್ಟುವುದು. ಉಳಿದ ಜಾಗಕ್ಕೆ ಪೂರ್ತಿ ತೆರೆಯುವ ಎರಡು ಕದ, ಸರಿಯುವ ಜಾತಿಯದಲ್ಲ, ಯಾಕೆಂದರೆ ಸರಿಯುವ ಕಿಟಕಿಯಲ್ಲಿ ಯಾವಾಗಲೂ ಅರ್ಧ ಮುಚ್ಚಿಯೇ ಇರುತ್ತದೆ. ಕದಕ್ಕೆ ಮರದ ಅಡ್ಡಪಟ್ಟಿಗಳು, ಹೊರಕ್ಕೆ ಓರೆಯಾಗಿ. ಮುಚ್ಚಿದರೂ ಸಂದಿಯಿಂದ ಗಾಳಿ ಬರಬೇಕು, ಬಿಸಿಲು ಬರಬಾರದು.

ಅಲ್ಲಿ ಟೈಲರಮ್ಮ ಬಾಯಿ ಹಾಕಿದಳು. ಅಕ್ಕ ಹೊತ್ತು ಕಳೆಯುವುದೇ ಓದಿನಿಂದ. ಪಟ್ಟಿ ಬಡಿದು ಕತ್ತಲು ಮಾಡಿದರೆ ಅವಳನ್ನು ಡಬ್ಬಿಯಲ್ಲಿಟ್ಟ ಹಾಗಲ್ಲವೇ? ಬೆಳಕು ಬೇಕು, ಕಾವು ಬೇಡ. "ನಾನು ಕಪ್ಪು ಬಟ್ಟೆ ಹೊಲಿಯೋದು ಬಡಗಣ ಕಿಟಕಿ ಹತ್ತಿರವೇ ಮೇಡಂ. ಅಲ್ಲಿ ದಿನವೆಲ್ಲ ಒಂದೇ ಸಮ ಬೆಳಕು. ಕಣ್ಣಿಗೆ ಚುಚ್ಚಲ್ಲ, ಮೈ ಸುಡಲ್ಲ."

ಮೇಡಂ ಪೆನ್ಸಿಲು ಕೆಳಗಿಟ್ಟು, ಇದು ನನಗೆ ಹೊಳೆದಿರಲಿಲ್ಲ ನೋಡಿ ಅಂದರು. ಆ ಕೋಣೆಗೂ ಒಂದು ಬಡಗಣ ಗೋಡೆ ಇತ್ತು. ಪಡುವಣದಿಂದ ತೆಗೆದ ಗಾಜಿನಲ್ಲಿ ಚೆನ್ನಾಗಿದ್ದ ತುಂಡನ್ನು ಅಲ್ಲಿ ಸಣ್ಣ ಕಿಟಕಿ ಮಾಡಿ ಕೂರಿಸುವುದು ಅಂತಾಯಿತು. ನನ್ನ ಗಾಜಿಗೂ ಒಂದು ಜಾಗ ಸಿಕ್ತು ಅಂತ ಗಂಡ ನಕ್ಕ. ಮೂಡಣ ಕಿಟಕಿಯ ಮೇಲೆ, ಸೂರಿಗೆ ಹತ್ತಿರ, ಒಂದು ಗವಾಕ್ಷಿ ತೆಗೆಸಿದರು. ಬಿಸಿಗಾಳಿ ಮೇಲೇರುತ್ತದಲ್ಲ, ಅದು ಹೊರಗೆ ಹೋಗಲು. ಸೊಳ್ಳೆ ಬಲೆ ಹಾಕಿದರೆ ಗಾಳಿ ಸ್ವಲ್ಪ ಸೊರಗುತ್ತದೆ, ಹಾಗಾಗಿ ಬಲೆಯ ಚೌಕಟ್ಟು ಬೇಕಾದಾಗ ಬಿಚ್ಚಿ ತೊಳೆಯುವಂತಿರಲಿ ಅಂದರು ಮೇಡಂ. ಕಿಟಕಿಯ ಕೆಳಗೆ ಹೊರಬದಿಯ ಹಾಸು ಹೊರಕ್ಕೇ ಇಳಿಜಾರಾಗಿರಲಿ, ಚೌಕಟ್ಟು ಗೋಡೆ ಸೇರುವ ಸಂದಿಯನ್ನು ಸುತ್ತಲೂ ತುಂಬಿಸಿ, ನೀರು ನುಗ್ಗುವುದು ಅಲ್ಲಿಂದಲೇ ಅಂತಲೂ ಹೇಳಿದರು.

ಬಡಗಿ ಬಂದ. ಗೋಡೆ ಒಡೆದ ಧೂಳಿನಲ್ಲಿ ಮನೆಯೆಲ್ಲ ಬೂದಿ ಬಳಿದ ಹಾಗಾಯಿತು. ಹೊಲಿಯಲು ಬಂದ ಬಟ್ಟೆಗಳನ್ನೆಲ್ಲ ಟೈಲರಮ್ಮ ಮೇಡಂ ಮನೆಗೆ ಸಾಗಿಸಿದಳು. ಆ ದಿನಗಳಲ್ಲೇ ಅಕ್ಕನಿಂದ ಇನ್ನೊಂದು ಕಾರ್ಡು ಬಂತು. ಗೆಳತಿ ಹೊರಡಲು ಅವಸರ ಮಾಡುತ್ತಿದ್ದಾಳೆ, ಮಳೆ ಬಿಡುತ್ತಲೇ ಹೋಗಬೇಕಾದೀತು ಅಂತ. ಕೆಳಗೆ, ಜಾಗ ಸಾಲದೆ ಅಂಚಿನಲ್ಲಿ: 'ನೀನು ಬರೆಯದಿದ್ದರೂ ನನಗೆ ಕೋಪವಿಲ್ಲ.'

ಆ ಸಾಲು ಓದಿ ಟೈಲರಮ್ಮ ಅಡಿಗೆಮನೆಗೆ ಹೋಗಿ, ಕೆಲಸವಿಲ್ಲದಿದ್ದರೂ ನಲ್ಲಿ ಬಿಟ್ಟುಕೊಂಡು ನಿಂತಳು. ಕೂಡಲೇ ಬರೆದುಬಿಡು ಅಂದ ಗಂಡ, ಕಿಟಕಿ ಆಗ್ತಾ ಇದೆಯಲ್ಲ ಅಂದ. ಅವಳು ಒಪ್ಪಲಿಲ್ಲ. ಬಿಸಿಲಿಗೆ ಸರಿಹೋಗಿದೆ, ಮಳೆಗೆ ಏನು ಮಾಡುತ್ತದೋ ನೋಡಬೇಕು. ಇನ್ನೊಮ್ಮೆ ಟ್ರಂಕು ಹೊರಿಸಿಕೊಂಡು ಬಂದು ಇನ್ನೊಮ್ಮೆ ಆಸ್ಪತ್ರೆಯಾದರೆ, ಮುಖ ಹೇಗೆ ತೋರಿಸುವುದು?

ಮಳೆ ಬಂತು. ಪಡುವಣದಿಂದಲೇ, ಓರೆಯಾಗಿ, ಗೋಡೆಗೆ ಬಕೆಟ್ಟಿನಲ್ಲಿ ಎರಚಿದ ಹಾಗೆ. ಟೈಲರಮ್ಮ ಒಣಗಿದ ಬಟ್ಟೆ ಹಿಡಿದು ಗೋಡೆಯ ಬುಡದಲ್ಲೇ ಕೂತಳು. ಸಂದಿಯಿಂದ ಒಂದು ಹನಿಯೂ ಒಳಗೆ ಬರಲಿಲ್ಲ. ಆದರೆ ಮರುದಿನ ಕದ ತೆಗೆಯಲು ಹೋದರೆ ಮರ ಉಬ್ಬಿ ಒಂದಕ್ಕೊಂದು ಕಚ್ಚಿಕೊಂಡಿತ್ತು. ಹೇಳಿದ್ದೆನೋ ಇಲ್ಲವೋ ಅಂತ ಗಂಡನ ಹಳೇ ಅನುಮಾನ ಮತ್ತೆ ಎದ್ದು ಕೂತಿತು. ಬಡಗಿ ಬಂದು, ಹೊಸ ಮರ ನೀರು ಕಂಡರೆ ಮೈ ಬಿಡೋದು ಸಹಜ ಅಂದ. ಉಬ್ಬಿದ ಅಂಚನ್ನು ಉಜ್ಜುಗೊರಡಿನಿಂದ ಹೆರೆದು, ಎರಡು ಕೈ ಎಣ್ಣೆ ಕುಡಿಸಿ, ವರ್ಷಕ್ಕೊಮ್ಮೆ ಮಳೆಗೆ ಮುಂಚೆ ಹೀಗೇ ಎಣ್ಣೆ ಹಚ್ಚಬೇಕು ಅಂತ ಹೇಳಿ ಹೋದ. ಆಮೇಲಿನ ಮಳೆಗಳಿಗೆ ಕದ ಕಚ್ಚಲಿಲ್ಲ. ಗೋಡೆಯ ಬುಡ ಒಣಗಿಯೇ ಇತ್ತು. ಒದ್ದೆ ಗೋಣಿಯ ವಾಸನೆ ಹೋಗಿ ಕೋಣೆಗೆ ಹೊಸ ಮರದ ಎಣ್ಣೆಯ ವಾಸನೆ ಬಂದಿತ್ತು. ಅಕ್ಕನ ಎದೆಗೆ ಅದೂ ತಡೆಯದೇನೋ ಅಂತ ಅವಳು ಕದಗಳನ್ನೂ ಗವಾಕ್ಷಿಯನ್ನೂ ತೆಗೆದಿಟ್ಟು, ಆ ವಾಸನೆಯೂ ಪೂರ್ತಿ ಹೋಗುವವರೆಗೆ ಕಾದಳು.

ಒಂದು ಸಂಜೆ ಆ ಮಂಚದ ಮೇಲೆ ತಾನೇ ಕೂತಳು. ಕಿಟಕಿಯಿಂದ ಬಂದ ಗಾಳಿ ಕುತ್ತಿಗೆ ಸವರಿ, ಎದುರು ಗೋಡೆಯ ಕಿಟಕಿಯಿಂದ ಆಚೆ ಹೋಯಿತು. ಅವಳು ಎದ್ದು ಹೋಗಿ ಡ್ರಾಯರು ಎಳೆದಳು. ಈ ಸಲ ಪೆನ್ನು ನಿಲ್ಲಲಿಲ್ಲ.

'ಬಾ ಅಕ್ಕ. ಕೋಣೆಯ ಕಿಟಕಿ ಬದಲಾಯಿಸಿದ್ದೇವೆ. ಬಿಸಿಲು ಹೊರಗೇ ನಿಲ್ಲುತ್ತದೆ. ಗಾಳಿ ಒಂದು ಕಡೆ ಬಂದು ಇನ್ನೊಂದು ಕಡೆ ಹೋಗುತ್ತದೆ. ಕಿಟಕಿ ಔಷಧಿಯಲ್ಲ, ನಿನ್ನ ಮಾತ್ರೆ, ಉಸಿರಿನ ಪಂಪು ಯಾವುದನ್ನೂ ಬಿಡಬೇಡ, ಡಾಕ್ಟರ ಚೀಟಿ ತೆಗೆದುಕೊಂಡೇ ಬಾ. ಗೆಳತಿಗೆ ಬೇಜಾರಾದರೆ ನಾನೇ ಬರೆದು ಸಮಾಧಾನ ಹೇಳುತ್ತೇನೆ. ನನ್ನನ್ನು ಗುಬ್ಬಿ ಅನ್ನುವವರು ಇಲ್ಲಿ ಯಾರೂ ಇಲ್ಲ.'

ಲಕೋಟೆಗೆ ಹಾಕಿ, ಅಂಟಿಸಿ, ಬೀದಿ ಕೊನೆಯ ಅಂಚೆ ಡಬ್ಬಿಯ ಕಡೆ ಹೊರಟಳು. ಅವಳು ಅಲ್ಲಿಗೆ ತಲುಪುವಷ್ಟರಲ್ಲಿ ನಿಮಗೆ ನಾಲ್ಕು ಮಾತು, ಅಕ್ಕತಂಗಿಯರೇ, ಅಣ್ಣತಮ್ಮಂದಿರೇ.

ನಿಮ್ಮ ಮನೆಯ ಕಿಟಕಿಯೂ ಹಳತಾಗಿರಬಹುದು. ಬದಲಾಯಿಸುವ ಮೊದಲು ಅಂಗಡಿಗೆ ಹೋಗಬೇಡಿ, ಮೊದಲು ನಿಮ್ಮ ಕೋಣೆಯಲ್ಲೇ ಒಂದು ದಿನ ಪೂರ್ತಿ ಕೂರಿ. ಬಿಸಿಲು ಯಾವ ಗೋಡೆಗೆ ಯಾವ ಹೊತ್ತಿಗೆ ಬರುತ್ತದೆ, ಗಾಳಿ ಎಲ್ಲಿಂದ ಬೀಸುತ್ತದೆ, ಮಳೆ ಯಾವ ಕಡೆ ಬಡಿಯುತ್ತದೆ ನೋಡಿ. ಸೆಕೆಯ ಊರಾದರೆ ಬಿಸಿಲಿಗೆ ಹೊರಗಿನಿಂದ ಮರೆ ಮಾಡಿ, ಎದುರುಬದುರು ತೆರೆಯುವ ಕಿಟಕಿ ಇಡಿ. ಹೊರಗಿನ ಗಾಳಿ ಬೆಂಕಿಯ ಹಾಗಿರುವ ಹೊತ್ತಿನಲ್ಲಿ ಮುಚ್ಚಿ, ತಂಪಾದ ಮೇಲೆ ತೆಗೆಯಿರಿ. ಚಳಿಯ ಊರಾದರೆ ಬಿಸಿಲು ಬರುವ ಕಡೆಗೆ ಗಾಜು ಇಡಿ, ಜೋಡಿ ಗಾಜಾದರೆ ಇನ್ನೂ ಒಳ್ಳೆಯದು, ಸಂದಿಗಳನ್ನು ಬಿಗಿ ಮಾಡಿ. ಆದರೆ ಒಳಗೆ ಒಲೆಯೋ ಕೆಂಡವೋ ಉರಿಯುವ ಮನೆಯಲ್ಲಿ ಗಾಳಿ ಆಡಲು ದಾರಿಯನ್ನು ಎಂದೂ ಪೂರ್ತಿ ಮುಚ್ಚಬೇಡಿ, ಅದು ಜೀವದ ಪ್ರಶ್ನೆ. ಸಮುದ್ರದ ಹತ್ತಿರದವರು ಕಬ್ಬಿಣಕ್ಕೆ ಕೈ ಹಾಕುವ ಮೊದಲು ತುಕ್ಕು ಹಿಡಿಸುವ ಉಪ್ಪುಗಾಳಿಯನ್ನು ನೆನೆಸಿಕೊಳ್ಳಿ. ಇನ್ನೊಂದು ಊರಿನ ಕಿಟಕಿ ಎಷ್ಟೇ ಚೆಂದ ಕಂಡರೂ, ನಿಮ್ಮ ಊರಿನ ಹವೆಯನ್ನು ಒಂದು ಮಾತು ಕೇಳಿ. ತಿಳಿದವರನ್ನು ಕೇಳಿ. ಬೀರುವಿನ ಹಿಂದೆ ಒಂದು ಕಿಟಕಿ ಇದೆಯೇ ಅಂತ ಇವತ್ತೇ ನೋಡಿ. ನಿಮ್ಮ ಮನೆಯಲ್ಲೂ ಯಾರದೋ ಉಸಿರು ಅದಕ್ಕೆ ಕಾಯುತ್ತಿರಬಹುದು.

ಟೈಲರಮ್ಮ ಡಬ್ಬಿಯ ಹತ್ತಿರ ಬಂದಳು. ವಿಳಾಸವನ್ನು ಇನ್ನೊಮ್ಮೆ ಓದಿದಳು. ಲಕೋಟೆಯನ್ನು ಡಬ್ಬಿಯ ಬಾಯಿಗೆ ಇಟ್ಟಳು. ಬೆರಳು ಬಿಡಲು ಸ್ವಲ್ಪ ತಡವಾಯಿತು.

ಬಿಟ್ಟಳು.